ನೋಟಗಾರನ ಕಣ್ಣು: ಕನ್ನಡ ನಾಡಿನ ಹೊನ್ನಿನ ನಾಣ್ಯಗಳು

ಕ್ರಿ.ಶ. 1368ರಲ್ಲಿ ವಿಜಯನಗರದ ಒಂದನೆಯ ಬುಕ್ಕರಾಯನು ಜೈನರಿಗೂ ಶ್ರೀವೈಷ್ಣವರಿಗೂ ಉಂಟಾಗಿದ್ದ ವಿವಾದವನ್ನು ಪರಿಹರಿಸಿದ ವೃತ್ತಾಂತ ಜೈನ ಸಮಾಜಕ್ಕೆ ಚಿರಪರಿಚಿತವಾದುದು. ಶ್ರವಣಬೆಳಗೊಳದ ಭಂಡಾರಿ ಬಸದಿಯಲ್ಲಿರುವ ಆ ಶಾಸನವನ್ನು ಧರ್ಮಸಹಿಷ್ಣುತೆಯ ನಿದರ್ಶನವಾಗಿ ಸಭೆಗಳಲ್ಲಿ ಉಲ್ಲೇಖಿಸುವುದುಂಟು. ಆದರೆ ಅದರೊಳಗಿನ ಒಂದು ಲೆಕ್ಕದ ಮಾತಿನ ಕಡೆಗೆ ಗಮನ ಹರಿಯುವುದು ಕಡಿಮೆ. ರಾಜ್ಯದಲ್ಲಿರುವ ಜೈನರು ಮನೆಮನೆಗೆ ವರ್ಷಕ್ಕೆ ಒಂದು ಹಣದಂತೆ ಕೊಡಬೇಕು. ತಿರುಮಲೆಯ ತಾತಯ್ಯನು ಅದನ್ನು ಸಂಗ್ರಹಿಸಿ ಬೆಳಗೊಳದ ದೇವರ ಅಂಗರಕ್ಷೆಗೆ ಇಪ್ಪತ್ತು ಮಂದಿ ಆಳುಗಳನ್ನು ನೇಮಿಸಬೇಕು. ಉಳಿದುದರಿಂದ ಜೀರ್ಣವಾದ ಜಿನಾಲಯಗಳಿಗೆ ಸುಣ್ಣ ಬಳಿಸಬೇಕು ಎಂಬುದು ಆ ಕಟ್ಟಳೆ. ಇದಕ್ಕಾಗಿ ಅರಸನಲ್ಲಿ ಬಿನ್ನಹ ಮಾಡಿದ ಕಲ್ಲೆಹದ ಬುಸುವಿಸೆಟ್ಟಿಗೆ ಎರಡೂ ಸಮಯದವರು ಕೂಡಿ ಸಂಘನಾಯಕ ಪಟ್ಟವನ್ನು ಕಟ್ಟಿದರೆಂದೂ ಶಾಸನವು ಹೇಳುತ್ತದೆ.

ಮನೆಗೊಂದು ಹಣ. ಇಂದು 'ಹಣ'ವೆಂದರೆ ದುಡ್ಡು, ಐಶ್ವರ್ಯ ಎಂಬ ಸಾಮಾನ್ಯ ಅರ್ಥ. ಶಾಸನದ ಕಾಲದಲ್ಲಿ ಅದು ಒಂದು ನಿರ್ದಿಷ್ಟ ನಾಣ್ಯದ ಹೆಸರು. ಗದ್ಯಾಣ ಅಥವಾ ವರಾಹದ ಹತ್ತನೆಯ ಒಂದು ಪಾಲು. ಅಕ್ಕಸಾಲೆಯ ತಕ್ಕಡಿಯಲ್ಲಿ ಸುಮಾರು ಮೂರು ಗುಲಗಂಜಿ ತೂಗುವ ಚಿನ್ನದ ಚೂರು. ಅಗಲದಲ್ಲಿ ತೊಗರಿಬೇಳೆಗಿಂತ ತುಸು ದೊಡ್ಡದು. ಬೆರಳ ಸಂದಿಯಿಂದ ಜಾರಿದರೆ ನೆಲದಲ್ಲಿ ಹುಡುಕುವುದೇ ಕಷ್ಟ. ದಕ್ಷಿಣದಲ್ಲಿ, ವಿಶೇಷವಾಗಿ ತಿರುವಾಂಕೂರಿನಲ್ಲಿ, ಇಂಥ ಹಣಗಳನ್ನು ಎಣಿಸಲು ಸಣ್ಣ ಗುಳಿಗಳನ್ನು ಕೊರೆದ ಮರದ ಹಲಗೆಗಳೇ ಇದ್ದವು. ಹಿಡಿ ಹಣವನ್ನು ಹಲಗೆಯ ಮೇಲೆ ಸುರಿದು ಅಲುಗಿಸಿದರೆ ಗುಳಿಗೊಂದರಂತೆ ಕೂರುವುದು. ಮಿಕ್ಕಿದ್ದನ್ನು ಸರಿಸಿದರೆ ಲೆಕ್ಕ ಸಿದ್ಧ. ಇಷ್ಟು ಚಿಕ್ಕ ಲೋಹದ ಮೇಲೂ ಕಮ್ಮಟದವರು ಒಂದು ಆಕೃತಿಯನ್ನು ಒತ್ತಿದ್ದರು, ಅದರ ಬೆನ್ನಿಗೆ ಅಕ್ಷರವನ್ನೋ ಗುರುತನ್ನೋ ಇಟ್ಟಿದ್ದರು. ಯಾರೂ ನೋಡಲಾರರೆಂದು ಬಿಟ್ಟುಬಿಡಲಿಲ್ಲ. ನೋಡಿಯೇ ತೀರುವ ಒಬ್ಬನಿದ್ದನು.

ಅವನನ್ನು ಕನ್ನಡದಲ್ಲಿ 'ನೋಟಗಾರ'ನೆಂದು ಕರೆಯುತ್ತಿದ್ದರು. ಪೇಟೆಯಲ್ಲಿ ಚಿನಿವಾರನೊಡನೆ ಕುಳಿತು, ಕೈಗೆ ಬಂದ ಪ್ರತಿಯೊಂದು ನಾಣ್ಯದ ಅಚ್ಚನ್ನೂ ಅಂಚನ್ನೂ ಪರೀಕ್ಷಿಸಿ, ಒರೆಗಲ್ಲಿಗೆ ಹಚ್ಚಿ, ಸಾಚಾ ಇದು, ಖೋಟಾ ಇದು, ಸವಕಲು ಇದು ಎಂದು ಬೇರ್ಪಡಿಸುವುದು ಅವನ ವೃತ್ತಿ. ಕಸುಬಿನ ಹೆಸರೇ ನೋಟ. ಇದರೊಡನೆ ಇನ್ನೊಂದು ಮಾತನ್ನೂ ಸೇರಿಸಿ ನೋಡಬೇಕು. ಕನ್ನಡದಲ್ಲಿ 'ನಾಣ್ಯ' ಎಂಬುದಕ್ಕೆ ಪ್ರಾಮಾಣಿಕತೆ ಎಂಬ ಅರ್ಥವೂ ಇದೆ. ನಂಬಿಕೆಗೆ ಯೋಗ್ಯನಾದ ವರ್ತಕನನ್ನು ಹಿರಿಯರು 'ನಾಣ್ಯಸ್ಥ'ನೆಂದು ಕರೆಯುತ್ತಿದ್ದುದು ಇಂದಿಗೂ ಹಳೆಯ ಮನೆಗಳಲ್ಲಿ ಕೇಳಿಬರುತ್ತದೆ. ಲೋಹದ ತುಂಡಿಗೂ ಮನುಷ್ಯನ ನಡತೆಗೂ ಭಾಷೆಯು ಒಂದೇ ಹೆಸರನ್ನಿಟ್ಟಿತು.

ಜೈನ ಶ್ರಾವಕಾಚಾರವು ಈ ಸಂಬಂಧವನ್ನು ಬಹು ಹಿಂದೆಯೇ ಸ್ಪಷ್ಟವಾಗಿ ಗುರುತಿಸಿತ್ತು. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಉಮಾಸ್ವಾಮಿಗಳು ಅಚೌರ್ಯಾಣುವ್ರತದ ಐದು ಅತಿಚಾರಗಳನ್ನು ಎಣಿಸುವಾಗ ಕಳ್ಳತನಕ್ಕೆ ಪ್ರೇರಣೆ, ಕದ್ದ ಮಾಲಿನ ಸ್ವೀಕಾರ, ರಾಜಶಾಸನದ ಉಲ್ಲಂಘನೆ, ತೂಕ ಅಳತೆಗಳ ಹೆಚ್ಚುಕಡಿಮೆ ಇವುಗಳ ಸಾಲಿನಲ್ಲಿ 'ಪ್ರತಿರೂಪಕ ವ್ಯವಹಾರ'ವನ್ನೂ ಸೇರಿಸಿದರು. ಗಂಗ ನಾಡಿನೊಡನೆ ಪರಂಪರೆಯು ಜೋಡಿಸುವ ಪೂಜ್ಯಪಾದಾಚಾರ್ಯರು ಸರ್ವಾರ್ಥಸಿದ್ಧಿಯಲ್ಲಿ ಈ ಪದವನ್ನು ವಿವರಿಸುವಾಗ, ಕೃತಕವಾಗಿ ಮಾಡಿದ ಹಿರಣ್ಯ ಮುಂತಾದವುಗಳಿಂದ ವಂಚನಾಪೂರ್ವಕವಾಗಿ ನಡೆಸುವ ವ್ಯವಹಾರವೆಂದೇ ಅರ್ಥ ಹೇಳಿದ್ದಾರೆ. ಖೋಟಾ ನಾಣ್ಯವನ್ನು ತಿಳಿದೂ ಮುಂದಿನವನಿಗೆ ದಾಟಿಸುವುದು ಚಾತುರ್ಯವೆನಿಸದೆ ಚೌರ್ಯದ ಭಾಗವೆನಿಸಿತು. ಹಾಗಿರುವಾಗ ನಾಣ್ಯವನ್ನು ಕಣ್ಣಿಟ್ಟು ನೋಡುವುದು ಶ್ರಾವಕನಿಗೆ ಕೇವಲ ಲಾಭನಷ್ಟದ ಮಾತಾಗಿರಲಿಲ್ಲ. ನೋಡದೆ ದಾಟಿಸುವವನು ವ್ರತದ ಅಂಚಿನಲ್ಲಿ ನಡೆಯುತ್ತಿದ್ದನು.

ನಾಣ್ಯದ ಕಲೆಯನ್ನು ಈ ಹಿನ್ನೆಲೆಯಲ್ಲಿಯೇ ಗ್ರಹಿಸಬೇಕು. ಅಚ್ಚಿನ ಚೆಲುವು ಅಲಂಕಾರಕ್ಕಾಗಿ ಹುಟ್ಟಿದುದಲ್ಲ. ಕೊರೆತ ಎಷ್ಟು ನಾಜೂಕಾಗಿರುವುದೋ ಕಳ್ಳ ಅಚ್ಚು ಮಾಡುವುದು ಅಷ್ಟು ಕಷ್ಟ. ಸಿಂಹದ ಕೇಸರದಲ್ಲಿನ ಒಂದೊಂದು ಚುಕ್ಕೆಯೂ ಚಿನ್ನದ ತೂಕಕ್ಕೆ ನಿಂತ ಒಂದೊಂದು ಸಾಕ್ಷಿ.

ಕನ್ನಡ ನಾಡಿನ ಹಳೆಯ ಹೊನ್ನಿನ ನಾಣ್ಯಗಳಲ್ಲಿ ಪದ್ಮಟಂಕವು ಪ್ರಸಿದ್ಧವಾದುದು. ಇದನ್ನು ಕದಂಬರಿಗೆ ಸಂಬಂಧಿಸಿ ಹೇಳುವುದು ವಾಡಿಕೆಯಾದರೂ ಈ ಬಗೆಯ ನಾಣ್ಯ ಬೇರೆ ಬೇರೆ ಅರಸುಮನೆತನಗಳಲ್ಲಿ ಬಹುಕಾಲ ನಡೆದುಬಂದಿತು. ತೆಳುವಾದ ಚಿನ್ನದ ಬಿಲ್ಲೆಯ ನಡುವೆ ಒಂದು ತಾವರೆ. ಅದರ ಸುತ್ತ ಒಂದೊಂದಾಗಿ ಬೇರೆ ಬೇರೆ ಮೊಳೆಗಳಿಂದ ಒತ್ತಿದ ಗುರುತುಗಳು. ಒಂದೇ ಮಗ್ಗುಲಿನಿಂದ ಪೆಟ್ಟು ಬಿದ್ದುದರಿಂದ ಬಿಲ್ಲೆ ಒಳಬಾಗಿ ಪುಟ್ಟ ಬಟ್ಟಲಿನಂತಾಗಿರುತ್ತದೆ. ಈ ಬಾಗು ದೋಷವಾಗಬಹುದಾಗಿತ್ತು. ಆದರೆ ತಾವರೆ ಬಟ್ಟಲಿನ ತಳದಲ್ಲಿ ಕುಳಿತಿರುವುದರಿಂದ, ಓರೆಯಾಗಿ ಬೆಳಕು ಬಿದ್ದಾಗ ಎಸಳುಗಳಿಗೆ ನೆರಳು ಕೂಡಿ ಕೊಳದೊಳಗಿನ ಹೂವಿನಂತೆ ತೋರುತ್ತದೆ. ದಕ್ಷಿಣದ ನಾಣ್ಯಗಳ ಮೇಲೆ ಮೊದಲ ದೊಡ್ಡ ಗ್ರಂಥಗಳಲ್ಲೊಂದನ್ನು ಬರೆದ ಸರ್ ವಾಲ್ಟರ್ ಎಲಿಯಟ್ ಧಾರವಾಡ ಸೀಮೆಯಲ್ಲಿ ಅಧಿಕಾರಿಯಾಗಿದ್ದು ಶಾಸನಗಳನ್ನೂ ನಾಣ್ಯಗಳನ್ನೂ ಸಂಗ್ರಹಿಸಿದವನು. 1880ರ ದಶಕದಲ್ಲಿ ಆ ಗ್ರಂಥ ಸಿದ್ಧವಾಗುವ ವೇಳೆಗೆ ಅವನ ಕಣ್ಣುಗಳು ಬಹುಮಟ್ಟಿಗೆ ಕಾಣದಾಗಿದ್ದವು. ಬಾಳಿಡೀ ನೋಡಿದ್ದೇ ಆಗ ಅವನ ಆಸ್ತಿಯಾಗಿತ್ತು.

ಕಲ್ಯಾಣ ಚಾಲುಕ್ಯರ ಕಾಲದಲ್ಲಿ ಲೊಕ್ಕಿಗುಂಡಿ, ಎಂದರೆ ಇಂದಿನ ಗದಗ ಜಿಲ್ಲೆಯ ಲಕ್ಕುಂಡಿ, ಕಮ್ಮಟವಿದ್ದ ಪಟ್ಟಣ. ಅಲ್ಲಿಯ ಹೊನ್ನಿಗೆ ಶಾಸನಗಳಲ್ಲಿ 'ಲೊಕ್ಕಿಗದ್ಯಾಣ'ವೆಂದೇ ಹೆಸರು. ದತ್ತಿ ಕೊಡುವವರು ಬರಿದೆ ಗದ್ಯಾಣವೆನ್ನದೆ ಲೊಕ್ಕಿಯ ಗದ್ಯಾಣವೆಂದು ಕಲ್ಲಿನಲ್ಲಿ ಬರೆಸುತ್ತಿದ್ದರೆಂದರೆ ಆ ಕಮ್ಮಟದ ನಂಬಿಕೆ ಎಷ್ಟಿತ್ತೆಂಬುದು ತಿಳಿಯುತ್ತದೆ. ಇದೇ ಲಕ್ಕುಂಡಿಯಲ್ಲಿ 1007ರಲ್ಲಿ ದಾನಚಿಂತಾಮಣಿ ಅತ್ತಿಮಬ್ಬೆ ಬ್ರಹ್ಮಜಿನಾಲಯವನ್ನು ಕಟ್ಟಿಸಿದಳು. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದಳೆಂದೂ ಸಾವಿರದ ಐನೂರು ಜಿನಬಿಂಬಗಳನ್ನು ಮಾಡಿಸಿದಳೆಂದೂ ಖ್ಯಾತಿ ಪಡೆದ ಆಕೆಯ ಹೆಸರನ್ನು ಪ್ರತಿ ಜೈನ ಮಗುವೂ ಬಲ್ಲದು. ಲೊಕ್ಕಿಗದ್ಯಾಣದ ಹೆಸರನ್ನು ಬಲ್ಲವರು ವಿರಳ. ಜಿನಾಲಯ ನಿಂತಿದೆ. ಕಮ್ಮಟವಿದ್ದ ಜಾಗದಲ್ಲಿ ನಿಲ್ಲುವಂಥದು ಏನೂ ಇರಲಿಲ್ಲ. ಇದ್ದುದೆಲ್ಲ ಕೈಯಿಂದ ಕೈಗೆ ಹೊರಟುಹೋಗಲೆಂದೇ ಹುಟ್ಟಿತ್ತು.

ಹೊಯ್ಸಳ ನಾಣ್ಯಗಳಲ್ಲಿ ವಿಷ್ಣುವರ್ಧನನ ಕಾಲದ್ದೆಂದು ಗುರುತಿಸಲಾದ ಗದ್ಯಾಣದ ಮುಂದೆ ಸ್ವಲ್ಪ ಹೊತ್ತು ನಿಲ್ಲಬೇಕು. ಸುಮಾರು 4 ಗ್ರಾಮ್ ತೂಕದ ಈ ಬಿಲ್ಲೆಯ ಮುಮ್ಮುಖದಲ್ಲಿ ಒಂದು ಸಿಂಹ, ಅದರ ಮೇಲ್ಗಡೆ ಇನ್ನೊಂದು ಚಿಕ್ಕ ಸಿಂಹ, ಜೊತೆಗೆ ಸೂರ್ಯಚಂದ್ರರು. ಹಿಮ್ಮುಖದಲ್ಲಿ ಕನ್ನಡ ಅಕ್ಷರಗಳಲ್ಲಿ 'ಶ್ರೀ ತಳಕಾಡುಗೊಂಡ' ಎಂಬ ಬಿರುದು, ಸಾಲುಸಾಲಾಗಿ. ಇದೇ ಬಗೆಯ ಬೇರೆ ನಾಣ್ಯದಲ್ಲಿ 'ಶ್ರೀ ನೊಣಂಬವಾಡಿಗೊಂಡ' ಎಂದಿದೆ. ದೇವನಾಗರಿಯಲ್ಲೋ ಸಂಸ್ಕೃತದಲ್ಲೋ ಬರೆಸದೆ ಅರಸನು ತನ್ನ ಗೆಲುವನ್ನು ಅಚ್ಚಗನ್ನಡದ ಮಾತಿನಲ್ಲಿ ಚಿನ್ನಕ್ಕೆ ಏರಿಸಿದನೆಂಬುದು ಸಣ್ಣ ಸಂಗತಿಯಲ್ಲ. ಅಚ್ಚು ಕೊರೆದವನ ಕೌಶಲವನ್ನು ಊಹಿಸಿದರೆ ಇನ್ನೂ ವಿಸ್ಮಯ ಹುಟ್ಟುತ್ತದೆ. ನಾಣ್ಯದ ಮೇಲೆ ನೇರವಾಗಿ ಮೂಡಬೇಕಾದ ಅಕ್ಷರವನ್ನು ಅಚ್ಚಿನಲ್ಲಿ ತಿರುಗುಮುರುಗಾಗಿ ಕೆತ್ತಬೇಕು. ಉಬ್ಬಾಗಿ ಕಾಣಬೇಕಾದುದನ್ನು ತಗ್ಗಾಗಿ ಕೊರೆಯಬೇಕು. ಕನ್ನಡದ ದುಂಡು ಲಿಪಿಯ ತಲೆಕಟ್ಟು, ಕೊಂಬು, ಒತ್ತುಗಳನ್ನು ಕನ್ನಡಿಯ ಬಿಂಬದಂತೆ ಬೆರಳ ತುದಿಯಗಲದ ಲೋಹದಲ್ಲಿ ಹಿಂದುಮುಂದಾಗಿ ಇಳಿಸುವುದು ಅಕ್ಷರಜ್ಞನಿಗೂ ಎಡವಟ್ಟಿನ ಕೆಲಸ. ಬೇಲೂರಿನಲ್ಲಿ ದಾಸೋಜ, ಚಾವಣ ಮುಂತಾದ ರೂವಾರಿಗಳು ತಮ್ಮ ಶಿಲ್ಪಗಳಡಿಯಲ್ಲಿ ಹೆಸರು ಬರೆದುಕೊಂಡರು. ಕಮ್ಮಟದ ರೂವಾರಿಗೆ ಆ ಜಾಗ ದೊರೆಯಲಿಲ್ಲ.

ಹೆಸರು ದೊರೆಯದ ಇನ್ನೊಬ್ಬನೂ ಈ ನಾಣ್ಯದ ಹಿಂದೆ ಇದ್ದಾನೆ. ಸುಮಾರು 1116ರಲ್ಲಿ ಚೋಳರ ಕೈಯಿಂದ ತಲಕಾಡನ್ನು ಬಿಡಿಸಿದ ಹೊಯ್ಸಳ ಸೇನೆಯ ನಾಯಕ ದಂಡನಾಯಕ ಗಂಗರಾಜ. ಆತ ಪರಮ ಜಿನಭಕ್ತ. ಶ್ರವಣಬೆಳಗೊಳದಲ್ಲಿ ಗೊಮ್ಮಟೇಶ್ವರನ ಸುತ್ತಾಲಯವನ್ನು ಕಟ್ಟಿಸಿದವನು. ಗಂಗವಾಡಿಯ ಜೀರ್ಣ ಬಸದಿಗಳನ್ನು ಉದ್ಧರಿಸಿದವನೆಂದು ಶಾಸನಗಳು ಕೊಂಡಾಡಿದವನು. ಗೆಲುವಿಗೆ ಮೆಚ್ಚಿ ಬೇಕಾದುದನ್ನು ಬೇಡೆಂದ ಅರಸನಿಂದ ಆತ ಪಡೆದ ಗ್ರಾಮಗಳು ಜಿನಪೂಜೆಗೆ ದತ್ತಿಯಾದವು. 1133ರಲ್ಲಿ ಮಗ ಬೊಪ್ಪನು ತಂದೆಯ ನೆನಪಿಗಾಗಿ ದೋರಸಮುದ್ರದಲ್ಲಿ ಪಾರ್ಶ್ವನಾಥ ಬಸದಿಯನ್ನು ಕಟ್ಟಿಸಿದನು. ಹೀಗೆ ಒಂದೇ ಯುದ್ಧವು ಎರಡು ಬಗೆಯ ಬರಹವನ್ನು ಬಿಟ್ಟುಹೋಯಿತು. ಚಿನ್ನದ ಮೇಲೆ 'ಗೊಂಡ' ಎಂಬ ಗೆಲವಿನ ಮಾತು. ಕಲ್ಲಿನ ಮೇಲೆ ಕೊಟ್ಟುದರ ಲೆಕ್ಕ. ಅಹಿಂಸೆಯನ್ನು ಪರಮಧರ್ಮವೆಂದು ನಂಬಿದವನು ಸೇನಾಪತಿಯಾದದ್ದು ಜೈನ ಇತಿಹಾಸದ ತೊಡಕಿನ ಪ್ರಶ್ನೆಗಳಲ್ಲೊಂದು. ವಿರೋಧಿ ಹಿಂಸೆಯೆಂಬ ಶಾಸ್ತ್ರೀಯ ವಿಭಾಗದಿಂದ ಅದಕ್ಕೆ ಸಮಾಧಾನ ಹೇಳುವುದುಂಟು. ನಾಣ್ಯ ಮಾತ್ರ ಆ ಸಮಾಧಾನವನ್ನು ಹೇಳುವುದಿಲ್ಲ. ಅದರ ಸಿಂಹ ಚೆಲುವಾಗಿದೆ, ಅಕ್ಷರ ಚೆಲುವಾಗಿದೆ. ಬರೆದಿರುವುದು ಊರೊಂದನ್ನು ಕಸಿದುಕೊಂಡ ಸುದ್ದಿ. ಕಲೆಯನ್ನು ಮೆಚ್ಚುವಾಗ ಈ ಎರಡನ್ನೂ ಒಟ್ಟಿಗೆ ನೋಡುವುದು ಪ್ರಾಮಾಣಿಕತೆ.

ಇಲ್ಲಿ ಒಂದು ಎಚ್ಚರಿಕೆಯ ಮಾತು ಅಗತ್ಯ. ಹಳೆಯ ನಾಣ್ಯಗಳಲ್ಲಿ ಆನೆ ಕಂಡರೆ ಅಜಿತನಾಥರು, ಸಿಂಹ ಕಂಡರೆ ಮಹಾವೀರರು, ವರಾಹ ಕಂಡರೆ ವಿಮಲನಾಥರು, ಜೋಡಿಮೀನು ಕಂಡರೆ ಅಷ್ಟಮಂಗಲದ ಮತ್ಸ್ಯಯುಗ್ಮ ಎಂದು ಹೇಳಿಬಿಡುವ ಉತ್ಸಾಹ ಕೆಲವರಲ್ಲಿದೆ. ಗಂಗರದೆಂದು ಪರಂಪರೆಯಿಂದ ಹೇಳಲಾಗುವ, ಆದರೆ ಎಲ್ಲ ವಿದ್ವಾಂಸರೂ ಒಪ್ಪದ, ಆನೆಯ ಚಿತ್ರದ 'ಗಜಪತಿ' ಹೊನ್ನಿನ ವಿಷಯದಲ್ಲಿ ಈ ಮಾತು ಪದೇ ಪದೇ ಬರುತ್ತದೆ. ಆನೆ ಗಂಗರ ರಾಜಲಾಂಛನ, ವರಾಹ ಚಾಲುಕ್ಯರದು, ಜೋಡಿಮೀನು ತುಳುನಾಡಿನ ಆಳುಪರದು, ಅವರ ನಾಣ್ಯಗಳ ಮೇಲೆ 'ಶ್ರೀ ಪಾಂಡ್ಯ ಧನಂಜಯ' ಎಂಬ ಬರಹವೂ ಇದೆ. ಅರಸರು ಜೈನರನ್ನು ಪೋಷಿಸಿದ್ದರೆಂಬುದರಿಂದ ಅವರ ಮುದ್ರೆಗಳೆಲ್ಲ ತೀರ್ಥಂಕರರ ಲಾಂಛನಗಳಾಗವು. ಇಲ್ಲದ ಸಂಬಂಧವನ್ನು ಕಲ್ಪಿಸುವುದೂ ಒಂದು ಪ್ರತಿರೂಪಕ ವ್ಯವಹಾರವೇ.

ವಿಜಯನಗರದ ಕಾಲಕ್ಕೆ ಚಿನ್ನದ ನಾಣ್ಯ ಇನ್ನಷ್ಟು ಕಿರಿದಾಯಿತು, ದಪ್ಪವಾಯಿತು. ಸುಮಾರು 3.4 ಗ್ರಾಮ್ ತೂಕದ ವರಾಹ ಕಿರುಬೆರಳಿನ ಉಗುರಿನಷ್ಟೇ ಅಗಲ. ಅಷ್ಟರಲ್ಲಿ ದೇವರಾಯರ ಕಾಲದ ಉಮಾಮಹೇಶ್ವರ, ಕೃಷ್ಣದೇವರಾಯನ ಬಾಲಕೃಷ್ಣ, ಅಚ್ಯುತರಾಯನ ಗಂಡಭೇರುಂಡ. ಕೊನೆಯದಂತೂ ಕೊರೆತಗಾರನ ಧೈರ್ಯಕ್ಕೆ ಸಾಕ್ಷಿ: ಎರಡು ತಲೆಯ ಹಕ್ಕಿ, ಅದರ ಕೊಕ್ಕುಗಳಲ್ಲಿಯೂ ಕಾಲುಗಳಲ್ಲಿಯೂ ಆನೆಗಳು. ಒಂದೊಂದು ಆನೆಯೂ ಸಾಸಿವೆ ಕಾಳಿಗಿಂತ ತುಸು ದೊಡ್ಡದು. ಆದರೂ ಸೊಂಡಿಲಿದೆ, ಕಾಲುಗಳಿವೆ. 1443ರಲ್ಲಿ ವಿಜಯನಗರಕ್ಕೆ ಬಂದ ಪಾರಸಿಕ ರಾಯಭಾರಿ ಅಬ್ದುರ್ ರಜಾಕನು ವರಾಹ, ಅದರ ಅರ್ಧವಾದ ಪ್ರತಾಪ, ಪ್ರತಾಪದ ಹತ್ತನೆಯ ಪಾಲಾದ ಹಣ, ಬೆಳ್ಳಿಯ ತಾರ, ತಾಮ್ರದ ಜಿತಲ ಎಂದು ಇಲ್ಲಿಯ ನಾಣ್ಯಗಳನ್ನು ಕ್ರಮವಾಗಿ ವಿವರಿಸಿ, ಇವುಗಳಲ್ಲಿ ಹೆಚ್ಚು ಬಳಕೆಗೆ ಬರುವುದು ಹಣವೆಂದು ತಿಳಿಸಿದ್ದಾನೆ. ಶಿವಪಾರ್ವತಿಯರ ಅಚ್ಚಿಗೆ ಜನರಲ್ಲಿ ಎಷ್ಟು ನಂಬಿಕೆಯಿತ್ತೆಂದರೆ, ಇಕ್ಕೇರಿಯ ನಾಯಕರು ಅದನ್ನೇ ಮುಂದುವರಿಸಿದರು. 1763ರಲ್ಲಿ ಬಿದನೂರನ್ನು ಗೆದ್ದ ಹೈದರ್ ಅಲಿ ಆ ಚಿತ್ರವನ್ನು ಹಾಗೆಯೇ ಉಳಿಸಿ, ಹಿಂದುಗಡೆ ತನ್ನ ಹೆಸರಿನ ಮೊದಲ ಪಾರಸಿಕ ಅಕ್ಷರವನ್ನು ಮಾತ್ರ ಇಟ್ಟನು. ಮುಮ್ಮಡಿ ಕೃಷ್ಣರಾಜ ಒಡೆಯರ ವರಾಹಗಳಲ್ಲಿಯೂ ಅದೇ ಜೋಡಿ ಕುಳಿತಿದೆ. ಅರಸನ ಮತ ಯಾವುದೆಂದು ಪೇಟೆ ಕೇಳಲಿಲ್ಲ. ನೋಟಗಾರನ ಕಣ್ಣಿಗೆ ಪರಿಚಿತವಾದ ಮುಖ ಅಲ್ಲಿರಬೇಕಾಗಿತ್ತು.

ನಾಣ್ಯವನ್ನು ನೋಡುವ ವಿದ್ಯೆಗೆ ಜೈನರು ಸಲ್ಲಿಸಿದ ಸೇವೆ ದೊಡ್ಡದು. ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದಲ್ಲಿ ಗಣಿತಸಾರಸಂಗ್ರಹವನ್ನು ರಚಿಸಿದ ಮಹಾವೀರಾಚಾರ್ಯರು ಬೇರೆ ಬೇರೆ 'ವರ್ಣ'ದ, ಎಂದರೆ ಬೇರೆ ಬೇರೆ ಶುದ್ಧಿಯ, ಚಿನ್ನಗಳನ್ನು ಕೂಡಿಸಿ ಕರಗಿಸಿದರೆ ಸಿಗುವ ಶುದ್ಧಿಯನ್ನು ಕಂಡುಹಿಡಿಯುವ ಲೆಕ್ಕಗಳಿಗೆ 'ಸುವರ್ಣ ಕುಟ್ಟೀಕಾರ'ವೆಂಬ ಪ್ರಕರಣವನ್ನೇ ಮೀಸಲಿಟ್ಟರು. ಹನ್ನೆರಡನೆಯ ಶತಮಾನದಲ್ಲಿ ರಾಜಾದಿತ್ಯನು ವ್ಯವಹಾರಗಣಿತವನ್ನು ಕನ್ನಡದಲ್ಲಿಯೇ ಬರೆದನು. ಆದರೆ ನಾಣ್ಯಗಳನ್ನೇ ವಸ್ತುವಾಗಿಟ್ಟುಕೊಂಡು ಇಡೀ ಗ್ರಂಥವನ್ನು ಬರೆದ ಜೈನನು ದೂರದ ದೆಹಲಿಯಲ್ಲಿದ್ದನು. ಅವನ ಗ್ರಂಥದ ಹಿನ್ನೆಲೆಯಲ್ಲಿ ಕನ್ನಡ ನಾಡಿನ ದುಃಖದ ಅಧ್ಯಾಯವೊಂದು ಇದೆ.

1296ರಲ್ಲಿ ಅಲ್ಲಾವುದ್ದೀನ್ ಖಿಲ್ಜಿ ದೇವಗಿರಿಯನ್ನು ಲೂಟಿ ಮಾಡಿದನು. 1311ರಲ್ಲಿ ಅವನ ಸೇನಾನಿ ಮಲಿಕ್ ಕಾಫೂರನು ದೋರಸಮುದ್ರದವರೆಗೆ ಬಂದು ಮೂರನೆಯ ಬಲ್ಲಾಳನನ್ನು ಮಣಿಸಿದನು. ದಕ್ಷಿಣದ ತಲೆಮಾರುಗಳು ಕೂಡಿಟ್ಟ ಚಿನ್ನ ಉತ್ತರಕ್ಕೆ ಸಾಗಿತು. ಗೆದ್ದವನಿಗೆ ಸೋತವನ ಅಚ್ಚಿನಿಂದ ಏನು ಪ್ರಯೋಜನ? ದೆಹಲಿಯ ಟಂಕಸಾಲೆಗೆ ಬಂದ ಪರರಾಜ್ಯಗಳ ನಾಣ್ಯಗಳು ಮೂಸೆಗೆ ಬಿದ್ದು ಸುಲ್ತಾನನ ಟಂಕಗಳಾಗಬೇಕು. ಆ ಟಂಕಸಾಲೆಯ ಅನುಭವವುಳ್ಳ ಅಧಿಕಾರಿ ಠಕ್ಕುರ ಫೇರು. ಶ್ರೀಮಾಲ ಕುಲದ ಶ್ವೇತಾಂಬರ ಜೈನ. ಇಂದಿನ ಹರಿಯಾಣದ ಕನ್ನಾಣ ಎಂಬ ಊರಿನವನು. ರತ್ನಪರೀಕ್ಷೆ, ವಾಸ್ತುಸಾರ, ಜ್ಯೋತಿಷ, ಗಣಿತಗಳ ಮೇಲೂ ಗ್ರಂಥಗಳನ್ನು ರಚಿಸಿದ ಈತ 1318ರಲ್ಲಿ ದ್ರವ್ಯಪರೀಕ್ಷಾ ಎಂಬ ಪುಸ್ತಕವನ್ನು ಲೋಕರೂಢಿಗೆ ಹತ್ತಿರವಾದ ಪ್ರಾಕೃತದ ಗಾಹೆಗಳಲ್ಲಿ ಬರೆದನು. ಬರೆದದ್ದು ಯಾವ ಸುಲ್ತಾನನ ಮೆಚ್ಚುಗೆಗಾಗಿಯೂ ಅಲ್ಲ, ತನ್ನ ತಮ್ಮನಿಗಾಗಿ ಮತ್ತು ಮಗನಿಗಾಗಿ.

ಲೋಹಗಳನ್ನು ಶೋಧಿಸುವ ಕ್ರಮದಿಂದ ಆರಂಭವಾಗುವ ಆ ಪುಸ್ತಕದಲ್ಲಿ ಇನ್ನೂರಕ್ಕೂ ಹೆಚ್ಚು ಬಗೆಯ ನಾಣ್ಯಗಳು ಬರುತ್ತವೆ. ಮಾಳವ, ಗುಜರಾತ, ದೇವಗಿರಿ ಮುಂತಾದ ನಾಡುಗಳ ನಾಣ್ಯಗಳ ಹೆಸರು, ಅವುಗಳ ತೂಕ, ಒಳಗಿರುವ ಬೆಳ್ಳಿ ಅಥವಾ ಚಿನ್ನದ ಪಾಲು, ದೆಹಲಿಯ ನಾಣ್ಯದೊಡನೆ ಅವುಗಳ ವಿನಿಮಯದ ದರ. ನೂರು ನಾಣ್ಯಕ್ಕೆ ಇಷ್ಟು ಶುದ್ಧ ಲೋಹ ಎಂಬಂಥ ಒಣ ಲೆಕ್ಕ. ಎಲ್ಲಿಯೂ ಉದ್ಗಾರವಿಲ್ಲ, ಶೋಕವಿಲ್ಲ, ಸೋತ ಅರಸನ ನಿಂದೆಯಿಲ್ಲ, ಗೆದ್ದವನ ಅತಿಸ್ತುತಿಯಿಲ್ಲ. ಒಬ್ಬ ವರ್ತಕನು ತನ್ನ ಮಗನಿಗೆ ಅಂಗಡಿಯ ಲೆಕ್ಕ ಒಪ್ಪಿಸುವ ಧಾಟಿ. ಆದರೆ ಇಂದು ಓದುವವನಿಗೆ ಅದರಲ್ಲಿ ಬೇರೊಂದು ಕಾಣುತ್ತದೆ. ಸೋತ ರಾಜ್ಯಗಳ ನಾಣ್ಯಗಳು ಮೂಸೆಯ ಬಾಯಿಗೆ ಹೋಗುವ ಮುನ್ನ ಅವುಗಳನ್ನು ಒಂದೊಂದಾಗಿ ಕೈಗೆತ್ತಿಕೊಂಡು, ಇದರ ಹೆಸರು ಇದು, ಇದರ ತೂಕ ಇಷ್ಟು, ಇದು ಇಂಥ ನಾಡಿನದು ಎಂದು ಬರೆದಿಟ್ಟ ಕಣ್ಣು ಅವನದು. ಎಷ್ಟೋ ನಾಣ್ಯಗಳ ಹಳೆಯ ಹೆಸರನ್ನು ಸಂಶೋಧಕರು ತಿಳಿದುದು ಅವನಿಂದ. ಆ ಗ್ರಂಥವೂ ಕಳೆದುಹೋಗುವುದರಲ್ಲಿತ್ತು. ಹದಿನಾಲ್ಕನೆಯ ಶತಮಾನದ ಹಸ್ತಪ್ರತಿಯೊಂದು ಕೋಲ್ಕತ್ತದ ಜೈನ ಗ್ರಂಥಭಂಡಾರದಲ್ಲಿದ್ದುದನ್ನು ಅಗರಚಂದ ನಾಹಟಾ ಮತ್ತು ಭಂವರಲಾಲ ನಾಹಟಾ ಅವರು ಗುರುತಿಸಿದರು. 1961ರಲ್ಲಿ ಜೋಧಪುರದಿಂದ ಅದು ಮುದ್ರಣಗೊಂಡಿತು. ನಾಹಟಾ ಮನೆತನದವರೂ ವರ್ತಕರೇ ಎಂಬುದನ್ನು ಹೇಳದಿರಲಾಗದು.

ನಾಣ್ಯವನ್ನು ಹೀಗೆ ಮೆಚ್ಚುವುದು ಅಪರಿಗ್ರಹಕ್ಕೆ ಒಪ್ಪುವುದೇ ಎಂಬ ಸಂದೇಹ ಏಳುವುದು ಸಹಜ. ಪರಿಗ್ರಹಪರಿಮಾಣ ವ್ರತದಲ್ಲಿ ಮಿತಿಗೊಳಿಸಬೇಕಾದ ವಸ್ತುಗಳನ್ನು ಹೇಳುವಾಗ ಹಿರಣ್ಯ, ಸುವರ್ಣ ಎಂದು ಎರಡನ್ನು ಬೇರೆಬೇರೆಯಾಗಿ ಹೇಳಿದೆ. ಸರ್ವಾರ್ಥಸಿದ್ಧಿಯ ಪ್ರಕಾರ ಹಿರಣ್ಯವೆಂದರೆ ಬೆಳ್ಳಿ ಮುಂತಾದವುಗಳಿಂದಾದ ವ್ಯವಹಾರದ ಸಾಧನ, ಎಂದರೆ ನಾಣ್ಯ. ಅದು ಪರಿಗ್ರಹವೇ, ಸಂಶಯವಿಲ್ಲ. ಅಪರೂಪದ ನಾಣ್ಯಗಳನ್ನು ಹರಾಜಿನಲ್ಲಿ ಕೊಂಡು ಕಪಾಟು ತುಂಬಿಸುವವನು ತನ್ನ ಹವ್ಯಾಸಕ್ಕೆ ಕಲೆಯ ಹೆಸರಿಟ್ಟರೂ ವ್ರತದ ಲೆಕ್ಕದಿಂದ ತಪ್ಪಿಸಿಕೊಳ್ಳಲಾರ. ಆದರೆ ನೋಡುವುದಕ್ಕೆ ಒಡೆತನ ಬೇಕಿಲ್ಲ. ನೋಟಗಾರನ ಕೈಯಿಂದ ದಿನಕ್ಕೆ ಸಾವಿರ ನಾಣ್ಯಗಳು ಹಾದುಹೋಗುತ್ತಿದ್ದವು, ಅವುಗಳಲ್ಲಿ ಒಂದೂ ಅವನದಾಗಿರಲಿಲ್ಲ.

ನಾಣ್ಯಕ್ಕೆ ಇನ್ನೊಂದು ಗುಣವಿತ್ತು. ಮಿತಿಯು ಅದರಲ್ಲಿ ಕಣ್ಣಿಗೆ ಕಾಣುತ್ತಿತ್ತು. ಇಷ್ಟು ವರಾಹಕ್ಕಿಂತ ಹೆಚ್ಚು ಇಡೆನೆಂದು ವ್ರತ ತೊಟ್ಟವನಿಗೆ ಪೆಟ್ಟಿಗೆಯ ಮುಚ್ಚಳ ತೆರೆದರೆ ಉತ್ತರ ಸಿಗುತ್ತಿತ್ತು. ಕೈಗೆ ಭಾರ ತಿಳಿಯುತ್ತಿತ್ತು. 2016ರಲ್ಲಿ ಯುಪಿಐ ಪಾವತಿ ಬಂದ ಮೇಲೆ, ಅದೇ ವರ್ಷದ ನವೆಂಬರ್ 8ರಂದು ದೊಡ್ಡ ನೋಟುಗಳು ರದ್ದಾದ ಮೇಲೆ, ಹಣವು ಬಹುಮಟ್ಟಿಗೆ ಪರದೆಯ ಮೇಲಿನ ಅಂಕಿಯಾಗಿದೆ. ಇದರಿಂದ ಆದ ಉಪಕಾರವನ್ನು ಅಲ್ಲಗಳೆಯಬಾರದು. ಚಿಲ್ಲರೆಯ ಜಗಳ ಹೋಯಿತು, ಕಾಣಿಕೆಯ ಲೆಕ್ಕ ಚೊಕ್ಕಟವಾಯಿತು, ದೂರದಲ್ಲಿರುವವರೂ ನಿತ್ಯಾಭಿಷೇಕಕ್ಕೆ ಕಾಣಿಕೆ ಸಲ್ಲಿಸಬಹುದಾಗಿದೆ. ಶ್ರವಣಬೆಳಗೊಳದ ಶಾಸನಗಳಲ್ಲಿ ಗದ್ಯಾಣಗಳನ್ನು ಮೂಲಧನವಾಗಿಟ್ಟು ಅದರ ಬಡ್ಡಿಯಿಂದ ಗೊಮ್ಮಟನ ಅಭಿಷೇಕಕ್ಕೆ ಹಾಲು ನಡೆಸಿದವರು ಇಂದು ಇದ್ದಿದ್ದರೆ ಅವರೂ ಹಾಗೆಯೇ ಮಾಡುತ್ತಿದ್ದರೇನೋ. ಆದರೆ ಅಂಕಿಗೆ ಭಾರವಿಲ್ಲ. ಅದು ಎಲ್ಲಿ ನಿಲ್ಲಬೇಕೆಂದು ಕೈಗೆ ತಿಳಿಯುವುದಿಲ್ಲ. ಮಕ್ಕಳಿಗೆ ನಾಣ್ಯದ ಎರಡು ಮುಖಗಳು ಗಾದೆಯಲ್ಲಿ ಮಾತ್ರ ಉಳಿಯುವ ದಿನ ಬಹಳ ದೂರವಿಲ್ಲ. ಇಪ್ಪತ್ತೈದು ಪೈಸೆ ಮತ್ತು ಅದಕ್ಕಿಂತ ಕೆಳಗಿನವು 2011ರ ಜೂನ್ 30ಕ್ಕೆ ಚಲಾವಣೆಯಿಂದ ಹೋದವು. ನಡುವೆ ತೂತಿದ್ದ 1940ರ ದಶಕದ ಕಾಸನ್ನು ಉಡಿದಾರಕ್ಕೆ ಕಟ್ಟಿಕೊಂಡವರು ಈಗ ವೃದ್ಧರು.

ಈ ಹೊತ್ತಿನಲ್ಲಿ ಬಸದಿಗಳ ಆಡಳಿತ ಮಂಡಳಿಗಳ ಮೇಲೆ ಒಂದು ಹೊಣೆ ಬಿದ್ದಿದೆ. ಹಳೆಯ ಬಸದಿಗಳ ಭಂಡಾರದಲ್ಲಿ, ಹುಂಡಿಯ ತಳದಲ್ಲಿ, ಪೂಜಾಸಾಮಗ್ರಿಯ ಪೆಟ್ಟಿಗೆಯಲ್ಲಿ ತಲೆಮಾರುಗಳಿಂದ ಬಿದ್ದಿರುವ ಚಿಲ್ಲರೆ ನಾಣ್ಯಗಳನ್ನು 'ಚಲಾವಣೆ ಇಲ್ಲದ್ದು' ಎಂಬ ಒಂದೇ ಶಿರೋನಾಮೆಯಡಿ ಸೇರಿಸಿ ತೂಕದ ಮೇಲೆ ಮಾರುವುದೋ ಕಳಶಕ್ಕೆ, ಪ್ರಭಾವಳಿಗೆ ಕರಗಿಸುವುದೋ ನಡೆದುಬಂದಿದೆ. ಉದ್ದೇಶ ಒಳ್ಳೆಯದೇ. ಆದರೆ ಮೂಸೆಗೆ ಹಾಕುವ ಮುನ್ನ ಫೇರು ಮಾಡಿದಷ್ಟಾದರೂ ಮಾಡಬಹುದು: ತೂಕ, ಅಳತೆ, ಎರಡೂ ಮುಖದ ಛಾಯಾಚಿತ್ರ, ಯಾವ ಪೆಟ್ಟಿಗೆಯಲ್ಲಿ ಸಿಕ್ಕಿತೆಂಬ ಒಂದು ಸಾಲು. ಬಳಿಕ ಬಲ್ಲವರಿಗೆ ತೋರಿಸಿದರೆ ಕರಗಿಸಬಾರದ್ದು ಯಾವುದೆಂದು ತಿಳಿಯುತ್ತದೆ. ಪ್ರೊ. ಎ. ವಿ. ನರಸಿಂಹಮೂರ್ತಿ ಅವರು 1975ರಲ್ಲಿ ಕರ್ನಾಟಕದ ನಾಣ್ಯಗಳ ಬಗ್ಗೆ ಬರೆದ ಗ್ರಂಥವೇ ಆರಂಭಕ್ಕೆ ಸಾಕು. ತೋರಿಸುವ ಮೊದಲು ಚೊಕ್ಕಟ ಮಾಡುವ ಉಮೇದನ್ನು ತಡೆಯಬೇಕು. ದೀಪಾರತಿಗಳನ್ನು ಬೆಳಗುವ ಹುಣಸೆಹಣ್ಣಿನಿಂದ ತಾಮ್ರದ ನಾಣ್ಯವನ್ನು ಉಜ್ಜಿದರೆ ಅದು ಹೊಳೆಯುತ್ತದೆ ನಿಜ. ಆದರೆ ಶತಮಾನಗಳ ಪದರದೊಡನೆ ಅಕ್ಷರದ ಅಂಚೂ ಹೋಗುತ್ತದೆ. ಜೀರ್ಣೋದ್ಧಾರದ ಅಗೆತದಲ್ಲಿ ನಿಧಿ ಸಿಕ್ಕಿದರೆ ಮಾತು ಬೇರೆ. ಅದನ್ನು ಜಿಲ್ಲಾಡಳಿತಕ್ಕೆ ತಿಳಿಸಬೇಕೆಂದು 1962ರ ಕರ್ನಾಟಕ ನಿಧಿ ಕಾಯಿದೆ ವಿಧಿಸುತ್ತದೆ. ದೇವರ ಹೆಸರಿನಲ್ಲಿಯೂ ರಾಜಶಾಸನವನ್ನು ಮೀರುವುದು ಅತಿಚಾರವೇ ಎಂಬುದನ್ನು ತತ್ತ್ವಾರ್ಥಸೂತ್ರದ ಅದೇ ಸಾಲು ನೆನಪಿಸುತ್ತದೆ.

ಮನೆಗಳಲ್ಲಿ ನಾಣ್ಯಗಳು ಉಳಿದದ್ದು ಹೆಂಗಸರ ಕೊರಳಿನಿಂದ. ಕಾಸಿನ ಸರ, ಉತ್ತರ ಕರ್ನಾಟಕದ ಪುತಳಿ ಸರ ಇವುಗಳಲ್ಲಿ ಹಳೆಯ ಹೊನ್ನುಗಳು ಕೊಂಡಿ ಬೆಸೆಸಿಕೊಂಡು ಬದುಕಿದವು. ಪುತಳಿ ಎಂಬುದು ವೆನಿಸ್ ನಗರದ ಡುಕಾಟ್ ನಾಣ್ಯದ ಮೇಲಿನ ಮನುಷ್ಯಾಕೃತಿಗಳಿಂದ ಬಂದ ಹೆಸರು. ಮೂಲ ನಾಣ್ಯ ದೊರೆಯದಾದಾಗ ಇಲ್ಲಿಯ ಅಕ್ಕಸಾಲೆಗಳು ಅದರ ಪ್ರತಿಕೃತಿಯನ್ನು ಮಾಡಿದರು. ಹೊಸ ವಿನ್ಯಾಸಕ್ಕೆಂದು ಅಜ್ಜಿಯ ಸರವನ್ನು ಅಂಗಡಿಗೆ ಕೊಡುವ ಮುನ್ನ ಒಂದು ಮಧ್ಯಾಹ್ನ ಅದನ್ನು ಕಿಟಕಿಯ ಬಳಿ ಬಿಳಿ ಬಟ್ಟೆಯ ಮೇಲೆ ಹರಡಿ, ಭೂತಕನ್ನಡಿ ಹಿಡಿದು, ಬೆಳಕು ಓರೆಯಾಗಿ ಬೀಳುವಂತೆ ತಿರುಗಿಸುತ್ತ ಮಕ್ಕಳೊಡನೆ ನೋಡುವುದಕ್ಕೆ ಖರ್ಚೇನೂ ಇಲ್ಲ.

ಚಿನ್ನದ ಮಾತು ಹಾಗಿರಲಿ. ಭಗವಾನ್ ಮಹಾವೀರರ 2600ನೆಯ ಜನ್ಮಕಲ್ಯಾಣಕದ ನಿಮಿತ್ತ ಭಾರತ ಸರ್ಕಾರವು 2001ರಲ್ಲಿ ಐದು ರೂಪಾಯಿಯ ಸ್ಮಾರಕ ನಾಣ್ಯವನ್ನು ಹೊರಡಿಸಿತು. 2550ನೆಯ ನಿರ್ವಾಣ ಮಹೋತ್ಸವಕ್ಕಾಗಿ 2024ರ ಏಪ್ರಿಲ್‌ನಲ್ಲಿ ಬಿಡುಗಡೆಯಾದ ಸ್ಮಾರಕ ನಾಣ್ಯವು ಪೆಟ್ಟಿಗೆಯಲ್ಲಿಟ್ಟು ಕಾಪಾಡುವಂಥದು, ಅಂಗಡಿಗೆ ಒಯ್ಯುವಂಥದಲ್ಲ. 2001ರದು ಹಾಗಲ್ಲ, ಅದು ಸಂತೆಗೆ ಹೋಯಿತು, ಬಸ್ಸಿನ ಕಂಡಕ್ಟರನ ಚೀಲಕ್ಕೆ ಬಿತ್ತು, ಅಂಚು ಸವೆಸಿಕೊಂಡಿತು. ಇಂದಿಗೂ ಬಸದಿಯ ಹುಂಡಿಯನ್ನು ಸುರಿದು ಎಣಿಸುವಾಗ ಐದು ರೂಪಾಯಿಗಳ ರಾಶಿಯಲ್ಲಿ ಅಪರೂಪಕ್ಕೊಮ್ಮೆ ಅದು ಕಾಣಸಿಗುತ್ತದೆ, ಎಣಿಸುವವರು ತಿರುಗಿಸಿ ನೋಡಿದರೆ.